ಮಾನಮ್ಮನ ಅಮಾಸಿ

ಆ ವಾರ ಮೂರನೇ ಸಲ ಯಾರೋ ಫೈಲು ವಾಪಸ್ ಕೇಳಿಕೊಂಡು ಬಂದಾಗ ಮಾನಮ್ಮ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಪುಂಡಿಸೊಪ್ಪು ಸೋಸುತ್ತಿದ್ದಳು. ಬಂದವನು ಮಾನ್ವಿಯ ಒಂದು ಅಕ್ಕಿ ಗಿರಣಿಯ ಗುಮಾಸ್ತ. ಚಪ್ಪಲಿ ಕಳೆಯದೆ ಹೊಸ್ತಿಲ ಮೇಲೇ ನಿಂತು, "ವಕೀಲ್ರು ಅದಾರೇನ್ರೀ? ನಮ್ಮ ಸಾವುಕಾರ್ರ ಫೈಲು ಬೇಕಾಗಿತ್ತು," ಅಂದ.

"ಕೋರ್ಟಿಗೆ ಹೋಗ್ಯಾಳ. ಫೈಲ್ಯಾಕ? ಕೇಸು ಮುಗೀತೇನು?"

"ಮುಗದಿಲ್ಲಬೇ. ಬ್ಯಾರೆ ವಕೀಲರಿಗೆ ಕೊಡತಾರಂತ." ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವನ ಬಾಯಿ ನಿಲ್ಲಲಿಲ್ಲ. "ನಿಮ್ಮ ಸೊಸಿಗೆ ಒಂದು ಮಾತು ಹೇಳ್ರಿ. ನಿಮ್ಮಂಥವರ ಮನಿಗಿ ಸಾವುಕಾರ ಮಂದಿ ನಂಬಿ ಫೈಲು ಕಳಿಸಿದ್ದೇ ದೊಡ್ಡದು. ಅದನ್ನ ಉಳಿಸ್ಕೊಳ್ಳಾಕ ಬರಬೇಕಲ್ಲ."

ಮಾನಮ್ಮ ಸೊಪ್ಪಿನ ಬುಟ್ಟಿ ಸರಿಸಿ ತಲೆ ಎತ್ತಿದಳು. "ನಿಮ್ಮಂಥವರು ಅಂದ್ರ ಎಂಥವರಪಾ?"

"ಹಾಂಗಲ್ಲಬೇ..."

"ಹಾಂಗೇ ಅಂದಿ. ನಿಮ್ಮ ಮಾನ್ವಿ ಗಿರಣ್ಯಾಗ ಕಸ ಹೊಡದು, ಅಕ್ಕಿ ಹಸನ ಮಾಡಿ ಈ ಬೆನ್ನು ಬಾಗ್ಯದ. ಆ ಅಕ್ಕಿ ಉಣ್ಣುವಾಗ ಹಸನ ಮಾಡಿದವರು ಎಂಥವರು ಅಂತ ಒಬ್ಬನೂ ಕೇಳಲಿಲ್ಲ. ನಡಿ, ಸಂಜಿಗಿ ಬಾ. ಫೈಲು ಆಕಿ ಕೈಲೇ ಇಸಕೊಂಡು ಹೋಗು."

ಗುಮಾಸ್ತ ಹೋದ. ಮಾನಮ್ಮನ ಸಿಟ್ಟು ಹೋಗಲಿಲ್ಲ. ಹೊರಗಿನವರು ಸೊಸೆಗೆ ಅನ್ನುವುದನ್ನು ಅವಳು ಸಹಿಸಳು, ಸೊಸೆಗೆ ಅನ್ನುವ ಹಕ್ಕು ಇದ್ದರೆ ಅದು ತನಗೊಬ್ಬಳಿಗೇ ಎಂದು ತಿಳಿದವಳು.

ಸೊಸೆ ಮೌನೇಶ್ವರಿ ದೇವದುರ್ಗ ತಾಲ್ಲೂಕು ಜಾಲಹಳ್ಳಿಯ ಕೂಲಿಯವರ ಮಗಳು. ರಾಯಚೂರಿನಲ್ಲಿ ಹತ್ತೊಂಬತ್ತು ವರ್ಷದಿಂದ ವಕೀಲಿ ಮಾಡುತ್ತಿದ್ದಾಳೆ. ಕರಿಕೋಟು ಹಾಕಿದ ಹೊಸದರಲ್ಲಿ ಅವಳಿಗೆ ಸಿಗುತ್ತಿದ್ದದ್ದು ಓಣಿಯ ಜಗಳ, ಜಾಮೀನು, ಜೀವನಾಂಶ, ಅಷ್ಟೇ. "ನಿಮ್ಮವರ ಕೇಸು ನೀವೇ ನೋಡ್ಕೋರಿ" ಎಂದು ಹಿರಿಯ ವಕೀಲರು ನಗುನಗುತ್ತಲೇ ತಳ್ಳುತ್ತಿದ್ದರು. ತಳ್ಳಿಸಿಕೊಳ್ಳುವ ಹೆಂಗಸೇ ಅವಳು? ಗಿರಣಿಯ ಕರಾರು, ಬ್ಯಾಂಕಿನ ಖಾತ್ರಿ, ಹತ್ತಿ ವ್ಯಾಪಾರದ ಒಪ್ಪಂದ ಎಲ್ಲ ಓದಿ ಓದಿ, ಹತ್ತನೇ ವರ್ಷಕ್ಕೆ ವ್ಯಾಪಾರಿಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುವ ಹಾಗೆ ಮಾಡಿಕೊಂಡಳು. ಆಮೇಲೆ ಲಂಚದ ಆರೋಪ ಹೊತ್ತ ಎಂಜಿನಿಯರು, ಸುಳ್ಳು ಸಾಲ ಕೊಟ್ಟ ಆರೋಪ ಹೊತ್ತ ಬ್ಯಾಂಕ್ ಮ್ಯಾನೇಜರು ಬಂದರು. ಮಾನಮ್ಮ ಅವಕ್ಕೆ 'ಇಸ್ತ್ರಿ ಅಂಗಿಯವರ ಕೇಸು' ಎಂದು ಹೆಸರಿಟ್ಟಿದ್ದಳು. ಅವರು ಹೊಡೆಯುವುದಿಲ್ಲ, ಇರಿಯುವುದಿಲ್ಲ, ಕಾಗದದ ಮೇಲೆ ಗೀಚಿ ಕೆಲಸ ಮುಗಿಸುತ್ತಾರೆ ಎಂಬುದು ಅವಳ ತಿಳಿವಳಿಕೆ.

ಈ ಸಲ ಬಂದವನ ಅಂಗಿಗೆ ಇಸ್ತ್ರಿಯೇ ಇರಲಿಲ್ಲ. ಯಂಕೋಬ ಎಂಬ ಬಡಕಲು ಮನುಷ್ಯ, ಮಾನ್ವಿಯ ಪಂಪಾಪತಿ ಸಾವುಕಾರನ ಗಿರಣಿಯಲ್ಲಿ ಭತ್ತದ ಲಾರಿ ತೂಗುವ ಕಾಟಾದ ಗುಮಾಸ್ತನಾಗಿದ್ದವನು. ಬಾರದ ಭತ್ತಕ್ಕೆ ಹದಿನಾಲ್ಕು ಸುಳ್ಳು ಕಾಟಾ ಚೀಟಿ ಮಾಡಿ ಗಿರಣಿಯ ದುಡ್ಡು ಹೊಡೆದ ಎಂದು ಸಾವುಕಾರ ಕೇಸು ಹಾಕಿದ್ದ. ಎರಡು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದು, ದೇವದುರ್ಗದಲ್ಲಿ ಹೆಂಡತಿಯ ತವರಿನಲ್ಲಿ ಬಿದ್ದುಕೊಂಡಿದ್ದ. ಸಾಕ್ಷಿ ಶುರುವಾಗುವ ಹೊತ್ತಿಗೆ ಅವನ ವಕೀಲರು ಕೈ ಬಿಟ್ಟರು. ಸಾವುಕಾರನನ್ನು ಎದುರು ಹಾಕಿಕೊಳ್ಳಲು ಮಾನ್ವಿಯಲ್ಲಿ ಇನ್ನೊಬ್ಬರು ಮುಂದೆ ಬರಲಿಲ್ಲ. ಮೌನೇಶ್ವರಿ ವಕಾಲತ್ತು ಹಾಕಿದಳು. ಪಂಪಾಪತಿ ಅವಳ ಕಕ್ಷಿದಾರ ಅಲ್ಲ, ಆದರೆ ಅವನ ಮಾತು ಮೀರುವ ಗಿರಣಿಯವರೂ ಇಲ್ಲ. ಹತ್ತೇ ದಿನದಲ್ಲಿ ಪಡಸಾಲೆಯ ಕಬ್ಬಿಣದ ರ‍್ಯಾಕು ಅರ್ಧ ಬರಿದಾಯಿತು.

ಆ ದಿನ ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಮಾನಮ್ಮನ ಮಗ ಸಂಜೀವ ಬಾಯಿ ಬಿಟ್ಟ. ಅವನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ.

"ಇವತ್ತು ಕಮಿಟಿಯವರು ಆಫೀಸಿಗೆ ಕರದು ಚಾ ಕುಡಿಸಿದ್ರು. ಪಂಪಾಪತಿ ಸಾವುಕಾರ್ರೂ ಕುಂತಿದ್ರು."

"ಚಾ ಚಲೋ ಇತ್ತೇನು?" ಮೌನೇಶ್ವರಿ ರೊಟ್ಟಿ ಮುರಿಯುತ್ತ ಕೇಳಿದಳು.

"ಚಾಷ್ಟಿ ಬಿಡು ಮೌನಾ. 'ಮೇಷ್ಟ್ರೇ, ಮನ್ಯಾಗ ಯಾರ ಮಾತು ನಡೀತದ?' ಅಂತ ಸಾವುಕಾರ ಎಲ್ಲಾರ ಮುಂದ ಕೇಳಿದ. ಸ್ಟಾಫ್ ರೂಮಿನಾಗ ತಲಿ ಎತ್ತಾಕ ಆಗವಲ್ದು ನನಗ. ಊರ ಕೇಸು ನೂರು ಅದಾವ. ಇದೊಂದು ಬಿಟ್ರ ಏನಾಗ್ತದ?"

"ಬಿಟ್ರ ಯಂಕೋಬ ಜೈಲಿಗಿ ಹೋಗ್ತಾನ. ಅಷ್ಟೇ ಆಗ್ತದ."

"ಅವನು ಮಾಡಿಲ್ಲ ಅಂತ ನಿನಗ ಹೆಂಗ ಗೊತ್ತು?"

"ನನಗ ಗೊತ್ತಿರೋದು ಬ್ಯಾಡ್ರೀ. ಅವನೇ ಮಾಡ್ಯಾನ ಅಂತ ಅವರು ತೋರಿಸಬೇಕು. ಇಷ್ಟು ದಿನ ಆ ಇಸ್ತ್ರಿ ಅಂಗಿಯವರಿಗೆ ಇದೇ ಮಾತು ಹೇಳಿ ಬಿಡಿಸ್ಕೊಂಡು ಬಂದೆ. ಆವಾಗ ನೀವು ಪೇಢೆ ತಂದ್ರಿ. ಈಗ ಹರಕು ಅಂಗಿಯವನಿಗೆ ಹೇಳಿದ್ರ ನಿಮ್ಮ ತಲಿ ಬಗ್ಗತದೇನು?"

ಸಂಜೀವ ತಾಟು ದೂಡಿದ. ಮೊಮ್ಮಗಳು ಶಶಿಕಲಾ, ಪಿಯುಸಿ ಎರಡನೇ ವರ್ಷದವಳು, ಅಪ್ಪನ ಕಡೆ ಒಮ್ಮೆ ಅಮ್ಮನ ಕಡೆ ಒಮ್ಮೆ ನೋಡಿ ಶೇಂಗಾ ಹಿಂಡಿಯ ಡಬ್ಬಿಗೆ ಕೈ ಹಾಕಿದಳು. ಮಾನಮ್ಮ ತಾಟನ್ನು ಮಗನ ಮುಂದಕ್ಕೇ ಮತ್ತೆ ಸರಿಸಿದಳು.

"ಉಣ್ಣೋ ಲೇ. ರೊಟ್ಟಿ ಬಡದು ಬಡದು ನನ್ನ ರಟ್ಟಿ ಹೋಗ್ಯಾವ. ಕೋರ್ಟು ಹೊರಗ ಹಚ್ರಿ, ತಾಟಿನ ಮುಂದ ಬ್ಯಾಡ." ಮತ್ತೆ ಸೊಸೆಯ ಕಡೆ ತಿರುಗಿದಳು. "ನೀನೂ ಅಷ್ಟೇ. ಕಾಟಾ ಹಿಡದವರನ್ನ ನಾ ಬಲ್ಲೆ. ನಮ್ಮ ಕೂಲಿ ಭತ್ತ ಅಳೆಯುವಾಗ ಅವರ ಕೈ ಎಷ್ಟು ಬಿಗಿ ಇರ್ತಿತ್ತು ಅಂತ ನನ್ನ ಕೇಳು. ಅಂಥವನ ಸಲುವಾಗಿ ಮನಿಗಿ ಬೆಂಕಿ ಹಚ್ಕೋತೀ ಏನು?"

"ಹಚ್ಕೋತೀನ್ರೀ ಅತ್ತಿ," ಅಂದಳು ಮೌನೇಶ್ವರಿ, ಪುಂಡಿಪಲ್ಯ ಹಾಕಿಸಿಕೊಳ್ಳುತ್ತ. ಮಾನಮ್ಮನಿಗೆ ನಗು ಬಂದರೂ ನಗಲಿಲ್ಲ.

ಅತ್ತೆ ಸೊಸೆಯರ ನಡುವೆ ಹಳೆಯ ಜಗಳವೊಂದು ಬೂದಿಯೊಳಗಿನ ಕೆಂಡದಂತೆ ಇದ್ದೇ ಇತ್ತು. ಮೂರು ವರ್ಷದ ಹಿಂದೆ ಈ ಹೊಸ ಮನೆಗೆ ಬಂದ ತಿಂಗಳಲ್ಲೇ ಮಾನಮ್ಮ ಅಮಾವಾಸ್ಯೆಗೆ ಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ತೆಂಗಿನಕಾಯಿ ಒಡೆದಳು. ಕೋರ್ಟಿನಿಂದ ಬಂದ ಮೌನೇಶ್ವರಿ ಕತ್ತರಿ ತಂದು ಅದನ್ನು ಕತ್ತರಿಸಿದಳು. "ಜಾಲಹಳ್ಳ್ಯಾಗ ಅಮಾಸಿ ಬಂತಂದ್ರ ದೊಡ್ಡ ಮನಿಯವರು ನಿವಾಳಿಸಿದ ಅನ್ನ ನಮ್ಮ ಓಣಿಗಿ ಕಳಿಸ್ತಿದ್ರು ಅತ್ತಿ. ಅವರ ಪೀಡಾ ನಮ್ಮ ಹೊಟ್ಟಿಗಿ. ಹಸಿವಿಗಿ ನಾ ಅದನ್ನ ಉಂಡೀನಿ. ಈ ಮನ್ಯಾಗ ಅಮಾಸಿ ಅನ್ನೋ ಮಾತೇ ಬ್ಯಾಡ," ಅಂದಿದ್ದಳು. ತಿಥಿ ಇರುವ ಕ್ಯಾಲೆಂಡರನ್ನೂ ಗೋಡೆಯಿಂದ ಇಳಿಸಿ, ಬಾಬಾಸಾಹೇಬರ ಪಟದ ಪಕ್ಕ ವಕೀಲರ ಸಂಘದ ಕ್ಯಾಲೆಂಡರ್ ಹಾಕಿದಳು. ಅದರಲ್ಲಿ ಕೋರ್ಟಿನ ರಜೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮಾನಮ್ಮ ಎದುರು ಮಾತಾಡಲಿಲ್ಲ. ಅಂಥ ಅನ್ನ ಅವಳೂ ಉಂಡವಳೇ. ಆದರೆ ಅಮಾವಾಸ್ಯೆ ಬಿಡಲೂ ಇಲ್ಲ. ಪಕ್ಕದ ಮನೆಯ ಗೋಪಮ್ಮನ ಕ್ಯಾಲೆಂಡರ್ ನೋಡಿಕೊಂಡು ಬಂದು, ಆ ದಿನ ಕಸಬರಿಗೆ ಮುಟ್ಟದೆ, ಒಲೆ ಹಚ್ಚದೆ, ಪಡಸಾಲೆಯಲ್ಲಿ ಕೌದಿ ಹಾಸಿ ದಿನವಿಡೀ ಮಲಗಿಬಿಡುತ್ತಿದ್ದಳು. ಕೇಳಿದರೆ ಬೆನ್ನುನೋವು ಅನ್ನುತ್ತಿದ್ದಳು. ತಿಂಗಳಿಗೊಂದೇ ದಿನ ಬರುವ ಬೆನ್ನುನೋವು ಎಂಥದ್ದೆಂದು ಸೊಸೆಗೆ ಗೊತ್ತಿತ್ತು. ಅವಳೂ ಕೇಳಲಿಲ್ಲ.

ಮುಂದಿನ ಭಾನುವಾರ ಯಂಕೋಬ ಹೆಂಡತಿ ಭೀಮವ್ವನನ್ನು ಕರೆದುಕೊಂಡು ಬಂದ. ಕಲ್ಮಲದ ಹತ್ತಿರ ಬಸ್ಸು ಕೆಟ್ಟು ಇಬ್ಬರೂ ಬಿಸಿಲಲ್ಲಿ ಬೆಂದಿದ್ದರು. ಮಾನಮ್ಮ ಕಾಟಾ ಹಿಡಿದವನಿಗೆ ನೀರು ಕೊಡುವಾಗಲೂ ಮುಖ ಗಂಟು ಹಾಕಿಕೊಂಡೇ ಕೊಟ್ಟಳು. ಮೌನೇಶ್ವರಿ ಹದಿನಾಲ್ಕು ಚೀಟಿಗಳ ನಕಲನ್ನು ಪಡಸಾಲೆಯಲ್ಲಿ ಸಾಲಾಗಿ ಹಾಸಿದ್ದಳು. ಅವಳ ಜೂನಿಯರ್ ಮೆಹನಾಜ್ ಪಕ್ಕದಲ್ಲಿ ಬರೆದುಕೊಳ್ಳುತ್ತ ಕೂತಿದ್ದಳು.

"ಆ ಚೀಟಿ ನಾ ತಗದಿಲ್ರೀ ಮೇಡಂ," ಅಂದ ಯಂಕೋಬ. "ಹೆಸರು ನಂದೇ ಅದ. ಆದ್ರ ಆಫೀಸಿನ ಕಂಪ್ಯೂಟರಿನಾಗ ಯಾರು ಕುಂತ್ರೂ ನನ್ನ ಹೆಸರೇ ಬರ್ತಿತ್ತು. ಸಾವುಕಾರ್ರ ಅಳಿಯ ಹೈದರಾಬಾದಿನಿಂದ ಬಂದ ಮ್ಯಾಲೆ ಎಲ್ಲಾ ಅವರೇ ನೋಡ್ತಿದ್ರು."

"ಅದಕ್ಕ ಸಾಕ್ಷಿ ಯಾರದಾರ?"

"ಯಾರೂ ಇಲ್ರೀ," ಅಂದ ಯಂಕೋಬ. ಭೀಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾಕು ಮಂದಿ ಮುಂದ ಕಳ್ಳನ ಹೇಣ್ತಿ ಅನಿಸ್ಕೊಂಡು ಎರಡು ವರ್ಷ ಆತ್ರೀ ಯವ್ವಾ. ಇವನು ಒಳಗ ಹೋದ್ರ ನಾ ಬಾವಿ ನೋಡಿಕೊಳ್ಳೂದೇ," ಅಂದಳು.

"ಬಾವಿ ಯಾಕ ನೋಡಿಕೊಳ್ತಿ? ಕಳುವು ಮಾಡಿದವರು ನೋಡಿಕೊಳ್ಳಲಿ," ಎಂದು ಮಾನಮ್ಮ ಗದರಿದಳು. ಗದರಿ ಅವರಿಬ್ಬರಿಗೂ ಮಂಡಕ್ಕಿ ತೋಯಿಸಿ ಮಂಡಾಳ ವಗ್ಗರಣಿ ಹಾಕಿಕೊಟ್ಟಳು.

ಅವರು ಹೋದ ಮೇಲೆ ಮೌನೇಶ್ವರಿ ತಲೆಯ ಮೇಲೆ ಕೈ ಹೊತ್ತು ಕೂತಳು. ಬುಧವಾರವೇ ಸಾವುಕಾರನಿಗೆ ಪಾಟೀಸವಾಲು ಹಾಕಬೇಕಿತ್ತು. "ನಲವತ್ತು ಸಲ ಓದೀನಿ ಈ ಚೀಟಿ. ಲಾರಿ ನಂಬರು ನೋಡಿದೆ, ತೂಕ ನೋಡಿದೆ, ಏನೂ ಸಿಗವಲ್ದು. ಶಶೀ, ನೀ ಒಂದ್ಸಲ ಜೋರಾಗಿ ಓದು. ಕಿವಿಲೇ ಕೇಳಿದ್ರ ಏನರೆ ಹೊಳೀತದೇನೋ."

ಶಶಿಕಲಾ ಒಂದೊಂದೇ ಓದತೊಡಗಿದಳು. ಮಾನಮ್ಮ ಅಕ್ಕಿ ಆರಿಸುತ್ತ ಅರ್ಧ ಕಿವಿ ಅತ್ತ ಇಟ್ಟಿದ್ದಳು. ಒಂಬತ್ತನೆಯ ಚೀಟಿ ಬಂತು. "ಜನವರಿ ಹನ್ನೊಂದು, ಎರಡು ಸಾವಿರದ ಇಪ್ಪತ್ನಾಕು. ಮಧ್ಯಾಹ್ನ ಹನ್ನೆರಡೂವರಿ. ಭತ್ತ, ಇನ್ನೂರಾ ಹತ್ತು ಚೀಲ."

"ಸುಳ್ಳು," ಅಂದಳು ಮಾನಮ್ಮ.

"ಎಲ್ಲಾ ಸುಳ್ಳೇ ಅಂತಲೇ ಕೇಸು ನಡದದ, ಅತ್ತಿ."

"ಹಂಗಲ್ಲಬೇ. ಅವತ್ತು ಗೋಪಮ್ಮನ ಮೊಮ್ಮಗಳು ಹುಟ್ಟಿದ ದಿನ. ಹೋದ ತಿಂಗಳು ಹನ್ನೊಂದಕ್ಕೇ ಎರಡು ವರ್ಷ ತುಂಬಿತಂತ ಕೇಕ್ ಕೊಯ್ದ್ರಲ್ಲ. ಈ ಶಶಿ ಎರಡು ತುಂಡು ತಿಂದು ಬಂದ್ಲು. ಎಳ್ಳಮಾಸಿ ದಿನಾ ಹುಟ್ಟ್ಯಾಳ ಅಂತ ಗೋಪಮ್ಮ ಶಾಂತಿ ಮಾಡಿಸಿದ್ದು ನನಗ ಗೊತ್ತಿಲ್ಲೇನು? ಎಳ್ಳಮಾಸಿ ದಿನ ಊರಿಗೂರೇ ಹೊಲಕ್ಕ ಹೋಗಿರ್ತದ. ಆ ಗಿರಣ್ಯಾಗ ಇನ್ನೂರು ಚೀಲ ಇಳಸಾಕ ಯಾವ ಹಮಾಲ ಬರ್ತಾನ?"

ಮೆಹನಾಜಳ ಪೆನ್ನು ನಿಂತಿತು. ಮೌನೇಶ್ವರಿ ನಿಧಾನಕ್ಕೆ ಕೇಳಿದಳು: "ಆ ಗಿರಣಿ ಅಮಾಸಿ ದಿನ ಬಂದ್ ಇರ್ತದೇನ್ರೀ?"

"ಇರ್ತದೇನು! ಬಂದ್ ಮಾಡಿಸಿದವರೇ ನಾವು." ಮಾನಮ್ಮ ಮೊರವನ್ನು ಕೆಳಗಿಟ್ಟಳು. "ಇಪ್ಪತ್ತೆರಡು ವರ್ಷ ಅದೇ ಗಿರಣ್ಯಾಗ ಕಸ ಹೊಡದೀನಿ. ಈ ಪಂಪಾಪತಿ ಆವಾಗ ಚೊಣ್ಣ ಹಾಕ್ಕೊಂಡ ಹುಡುಗ. ವಾರದ ರಜಾ ಇಲ್ಲ, ಹಬ್ಬದ ರಜಾ ಇಲ್ಲ. ಅಮಾಸಿ ಒಂದೇ ಬಿಡುವು. ಒಂದು ಸುಗ್ಗ್ಯಾಗ ಅವರಪ್ಪ ಅಮಾಸಿಗೂ ಗಿರಣಿ ಹಚ್ತೀನಿ ಅಂದ. ನಾವು ಹದಿನೆಂಟು ಹೆಣ್ಣಮಕ್ಕಳು ಕಸಬರಿಗಿ ಹಿಡಕೊಂಡು ಗೇಟಿನ ಮುಂದ ಕುಂತ್ವಿ. ಹಮಾಲರೂ ಬಂದು ಕುಂತ್ರು. ಮಧ್ಯಾಹ್ನಕ್ಕ ತಾನೇ ಬಂದು ಬೀಗ ಹಾಕಿದ. ಅವತ್ತಿನಿಂದ ಇವತ್ತಿನ ತನಕ ಅಮಾಸಿಗಿ ಆ ಬೀಗ ತಗದಿಲ್ಲ. ನನ್ನ ಅಮಾಸಿ ದೇವರದೂ ಅಲ್ಲ, ದೆವ್ವದ್ದೂ ಅಲ್ಲ ಮೌನಾ. ತಿಂಗಳಿಗೊಂದು ದಿನ ಬೆನ್ನು ನೆಲಕ್ಕ ಹಚ್ಚಾಕ ಜಗಳಾಡಿ ತಗೊಂಡದ್ದು. ಅದನ್ನ ನೀ ಕತ್ತರಿ ತಗೊಂಡು ಕತ್ತರಿಸಿದಿ."

ಮೌನೇಶ್ವರಿಯ ಕಣ್ಣು ತುಂಬಿತು. ವಾದದಲ್ಲಿ ಯಾರಿಗೂ ಸೋಲದ ಹೆಂಗಸು ಅತ್ತೆಯ ಮೊರದ ಹತ್ತಿರ ಸರಿದು ಕೂತಳು. "ಯಾಕ ಹೇಳಲಿಲ್ಲ ಅತ್ತಿ, ಮೂರು ವರ್ಷ?"

"ನೀ ಕೇಳಿದ್ಯೇನು?"

ಅಷ್ಟೇ ಮಾತು. ಮರುಗಳಿಗೆ ಅತ್ತೆ, ಸೊಸೆ, ಮೊಮ್ಮಗಳು, ಮೆಹನಾಜ್ ನಾಲ್ವರೂ ಗೋಪಮ್ಮನ ಅಡುಗೆಮನೆಯಲ್ಲಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಗೋಪಮ್ಮ ಕಪಾಟಿನ ಹಲಗೆಗೆ ಹಾಸುತ್ತಾಳೆಂಬುದು ಮಾನಮ್ಮನಿಗೆ ಗೊತ್ತಿತ್ತು. ಡಬ್ಬಿಗಳನ್ನೆಲ್ಲ ಇಳಿಸಿ ನೋಡಿದರೆ ಅಕ್ಟೋಬರ್ ತೊಗರಿಬೇಳೆಯ ಕೆಳಗಿತ್ತು, ಡಿಸೆಂಬರ್ ಖಾರದ ಪುಡಿಯ ಕೆಳಗೆ, ಜನವರಿ ಅರಿಶಿಣದ ಕೆಳಗೆ. ಇಪ್ಪತ್ಮೂರರ ಅಕ್ಟೋಬರ್ ಹದಿನಾಲ್ಕು, ಡಿಸೆಂಬರ್ ಹನ್ನೆರಡು, ಇಪ್ಪತ್ನಾಲ್ಕರ ಜನವರಿ ಹನ್ನೊಂದು. ಹದಿನಾಲ್ಕು ಚೀಟಿಗಳಲ್ಲಿ ಮೂರು ಅಮಾವಾಸ್ಯೆಯ ದಿನದವು. ಕುರ್ಚಿಯಲ್ಲಿ ಕೂತು ತಾರೀಖು ಟೈಪು ಮಾಡಿದವನಿಗೆ ಅಮಾವಾಸ್ಯೆಯ ಹಂಗು ಇರಲಿಲ್ಲ, ಪಾಪ.

ಫೋನು ಮಾಡಿದಾಗ ಯಂಕೋಬ ಅತ್ತುಬಿಟ್ಟ. "ನನ್ನ ತಲಿಗೇ ಹೊಳೀಲಿಲ್ಲಲ್ರೀ! ಅಮಾಸಿ ಅಂದ್ರ ಅಮಾಸಿ, ತಾರೀಖು ಯಾರು ನೋಡ್ತಾರ್ರೀ?"

ಬುಧವಾರ ಬೆಳಿಗ್ಗೆ ಮಾನಮ್ಮ ಇಳಕಲ್ ಸೀರೆ ಉಟ್ಟು ತಯಾರಾದಳು. ತಾನೂ ಬರುತ್ತೇನೆಂದಳು. ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಚ್ಚರಿಯೆಂದರೆ ಸಂಜೀವ ಹೊರಗೆ ಕಾರು ತಿರುಗಿಸಿಕೊಂಡು ನಿಂತಿದ್ದ.

"ಸಾಲಿಗಿ ಹೋಗಂಗಿಲ್ಲೇನೋ?"

"ರಜಾ ಬರದು ಕೊಟ್ಟೀನಿ ಯವ್ವಾ. ಕಾರಣ ಏನು ಅಂತ ಹೆಡ್ ಮಾಸ್ತರು ಕೇಳಿದ್ರು. ಹೆಂಡ್ತಿ ಪಾಟೀಸವಾಲು ನೋಡಾಕ ಅಂತ ಅರ್ಜಿಯೊಳಗೇ ಬರದೀನಿ. ಕಮಿಟಿಯವರೂ ಓದಲಿ."

ಮೌನೇಶ್ವರಿ ಗಂಡನ ಪಕ್ಕದ ಸೀಟಿನಲ್ಲಿ ಕೂತಳು. ಕಲ್ಲೂರು ದಾಟುವವರೆಗೂ ಅವನ ಕಡೆ ನೋಡಿ ನೋಡಿ ನಗುತ್ತಿದ್ದಳು.

ಮಾನ್ವಿಯ ಕೋರ್ಟಿನಲ್ಲಿ ಪಂಪಾಪತಿ ಸಾವುಕಾರ ಗರಿಗರಿ ಬಿಳಿ ಅಂಗಿಯಲ್ಲಿ ಕಟಕಟೆ ಏರಿದ. ಮಾನಮ್ಮ ಹಿಂದಿನ ಬೆಂಚಿನಲ್ಲಿ ಮೆಹನಾಜಳ ಕೈ ಹಿಡಿದು ಕೂತಳು. ಸೊಸೆಯನ್ನು ಕರಿಕೋಟಿನಲ್ಲಿ ವಾದ ಮಾಡುವಾಗ ಅವಳು ನೋಡಿದ್ದು ಅದೇ ಮೊದಲು. ಮನೆಯಲ್ಲಿ ಗದ್ದಲ ಮಾಡುವವಳು ಇಲ್ಲಿ ಹಾಲು ಹೊಯ್ಯುವವಳಂತೆ ಮೆತ್ತಗೆ ಮಾತಾಡುತ್ತಿದ್ದಳು.

"ನಿಮ್ಮ ಗಿರಣಿ ವರ್ಷಪೂರ್ತಿ ನಡೀತದಲ್ರೀ?"

"ನಡೀತದ. ಅಮಾಸಿ ಒಂದು ಬಿಟ್ಟು."

"ಅಮಾಸಿಗಿ ಗಿರಣಿ ಅಷ್ಟೇ ಬಂದ್. ಕಾಟಾ ನಡೀತದ, ಹೌದಲ್ರೀ?"

ಸಾವುಕಾರನಿಗೆ ಅವಮಾನವಾಯಿತು. "ಏನ್ ಮಾತಾಡ್ತೀರಿ ಮೇಡಂ? ಕಾಟಾ ಅಂದ್ರ ನಮಗ ಲಕ್ಷ್ಮಿ. ಅಮಾಸಿ ಹೊತ್ತು ಮೂಡೂದ್ರಾಗ ಪೂಜಿ ಮಾಡಿ ಬೀಗ ಹಾಕ್ತೀವಿ. ಕೀಲಿ ನನ್ನ ಕಡಿನೇ ಇರ್ತದ. ನಮ್ಮಪ್ಪನ ಕಾಲದಿಂದ ಒಂದು ಅಮಾಸಿ ತಪ್ಪಿಲ್ಲ."

"ಒಂದೂ ತಪ್ಪಿಲ್ಲ?"

"ಒಂದೂ ಇಲ್ಲ."

"ಬರಕೊಳ್ಳಬೇಕು ಸ್ವಾಮಿ," ಎಂದು ಮೌನೇಶ್ವರಿ ನ್ಯಾಯಾಧೀಶರಿಗೆ ಕೈ ಮುಗಿದಳು. ಬರೆದುಕೊಂಡ ಮೇಲೆ ಒಂಬತ್ತನೆಯ ಚೀಟಿಯನ್ನು ಸಾವುಕಾರನ ಕೈಗೆ ಕೊಟ್ಟು ತಾರೀಖು ಓದಿಸಿದಳು. ಕ್ಯಾಲೆಂಡರಿನ ಹಾಳೆ ಮುಂದಿಟ್ಟಳು. ಸರ್ಕಾರಿ ವಕೀಲರು ಎದ್ದು ಆಕ್ಷೇಪ ಎತ್ತಿದರು. ನ್ಯಾಯಾಧೀಶರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕೆ ಅರಿಶಿಣ ಯಾಕ್ರೀ ಹತ್ತಿದೆ?"

"ಡಬ್ಬಿ ಕೆಳಗಿತ್ತು ಸ್ವಾಮಿ. ಅರಿಶಿಣ ಒರೆಸಿದರೂ ತಾರೀಖು ಬದಲಾಗುವುದಿಲ್ಲ. ಬೇಕಾದರೆ ಯಾವ ಪಂಚಾಂಗ ಬೇಕೋ ಅದನ್ನು ತರಿಸಬಹುದು."

ಕೋರ್ಟು ನಕ್ಕಿತು. ಮೌನೇಶ್ವರಿ ನಗಲಿಲ್ಲ. ಸಾವುಕಾರನ ಕಡೆ ತಿರುಗಿದಾಗ ದನಿ ಮೆತ್ತಗಿರಲಿಲ್ಲ. "ಅವತ್ತು ಎಳ್ಳಮಾಸಿ. ಕಾಟಾಕ್ಕ ಬೀಗ, ಕೀಲಿ ನಿಮ್ಮ ಕಡಿ. ಯಂಕೋಬ ಎಲ್ಲಿ ನಿಂತು ಇನ್ನೂರಾ ಹತ್ತು ಚೀಲ ತೂಗಿದ ಸಾವುಕಾರ್ರೇ? ಇಂಥವೇ ಇನ್ನೂ ಎರಡು ಚೀಟಿ ಅದಾವ. ಈ ಚೀಟಿ ಹುಟ್ಟಿದ್ದು ಕಾಟಾದಾಗಲ್ಲ, ನಿಮ್ಮ ಅಳಿಯಂದ್ರು ಕುಂಡ್ರೋ ಆಫೀಸಿನಾಗ. ಹೌದೋ ಅಲ್ಲೋ?"

ಪಂಪಾಪತಿ ಬೆಂಚುಗಳ ಕಡೆ ನೋಡಿದ. ಅಳಿಯ ಕೂತಿದ್ದ ಜಾಗ ಖಾಲಿಯಾಗಿತ್ತು. "ನನಗ ಗೊತ್ತಿಲ್ಲ," ಅಂದ.

ಹೊರಗೆ ವರಾಂಡದಲ್ಲಿ ಅವನು ಮಾನಮ್ಮನನ್ನು ಕಂಡು ನಿಂತ. "ನೀ ಮಾನಮ್ಮ ಅಲ್ಲ? ನಮ್ಮಪ್ಪನ ಕಾಲದಾಗ ಕಸ ಹೊಡೀತಿದ್ದಿ."

"ಹೌದು. ಗೇಟಿನ ಮುಂದೂ ಕುಂತಿದ್ದೆ," ಅಂದಳು ಮಾನಮ್ಮ, ಸೆರಗು ಸರಿಮಾಡಿಕೊಂಡು.

ಎರಡು ತಿಂಗಳಿಗೆ ತೀರ್ಪು ಬಂತು. ಯಂಕೋಬ ಖುಲಾಸೆಯಾದ. ಭೀಮವ್ವ ದೇವದುರ್ಗದಿಂದ ಒಂದು ಚೀಲ ಶೇಂಗಾ ಹೊತ್ತು ತಂದಳು. ಮೌನೇಶ್ವರಿ ಪೇಟೆಗೆ ಹೋಗಿ ತಿಥಿ ಇರುವ ಕ್ಯಾಲೆಂಡರ್ ತಂದು ಬಾಬಾಸಾಹೇಬರ ಪಟದ ಆಚೆ ಪಕ್ಕಕ್ಕೆ ಹಾಕಿದಳು.

"ನಿಂಬೆಹಣ್ಣು ಮಾತ್ರ ಕಟ್ಟಂಗಿಲ್ಲ ನೋಡ್ರಿ ಅತ್ತಿ."

"ನಿಂಬೆಹಣ್ಣು ಯಾರಿಗಿ ಬೇಕಾಗ್ಯದ? ಕೌದಿ ಒಂದಿದ್ರ ಸಾಕು ನನಗ."

ಅದಾಗಿ ಒಂದು ಮಧ್ಯಾಹ್ನ, ಎಲ್ಲರೂ ಉಣ್ಣುವಾಗ, ಹಿಂದೆ ಫೈಲು ವಾಪಸ್ ಕೇಳಿಕೊಂಡು ಬಂದಿದ್ದ ಅದೇ ಗುಮಾಸ್ತ ಬಂದ. ಈ ಸಲ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟಿದ್ದ. ಎದೆಗೆ ಆನಿಸಿಕೊಂಡು ನಾಲ್ಕು ಫೈಲು ತಂದಿದ್ದ. "ನಮ್ಮ ಸಾವುಕಾರ್ರು ವಾಪಸ್ ಕಳಿಸ್ಯಾರ್ರೀ. ಕೇಸು ನೀವೇ ನಡಸಬೇಕಂತ," ಅಂದ.

ಮೌನೇಶ್ವರಿ ಎಂಜಲು ಕೈಯಲ್ಲೇ ಎದ್ದು ಬಂದಳು. ಫೈಲು ನೋಡಿದಳು, ಬರಿದಾದ ರ‍್ಯಾಕು ನೋಡಿದಳು. ಸಂಜೀವ ಉಣ್ಣುವುದನ್ನು ನಿಲ್ಲಿಸಿ ಕಾದ.

"ಇವತ್ತು ಆಗಂಗಿಲ್ರೀ," ಅಂದಳು. "ಇವತ್ತು ಅಮಾಸಿ. ನಮ್ಮ ಮನ್ಯಾಗ ಅಮಾಸಿ ದಿನ ಫೈಲು ಎತ್ತಂಗಿಲ್ಲ. ಬೇಕಾದ್ರ ನಾಳಿ ಬರ್ರಿ. ನೀವಲ್ಲ, ನಿಮ್ಮ ಸಾವುಕಾರ್ರು. ತಾವೇ ಹೊತ್ಕೊಂಡು ಬರಬೇಕು."

ಗುಮಾಸ್ತ ಕಣ್ಣು ಕಣ್ಣು ಬಿಟ್ಟ. "ಅಮಾಸಿ ಹೋದ ವಾರ ಆತಲ್ರೀ ಮೇಡಂ?"

"ಅತ್ತೀ," ಮೌನೇಶ್ವರಿ ಒಳಗೆ ತಿರುಗಿ ಕೂಗಿದಳು, "ಅಮಾಸಿ ಯಾವತ್ತು?"

ಮಾನಮ್ಮ ಕ್ಯಾಲೆಂಡರಿನ ಕಡೆ ನೋಡಲೂ ಇಲ್ಲ. ಎಪ್ಪತ್ತು ವರ್ಷದಲ್ಲಿ ತಿಥಿಯ ವಿಷಯದಲ್ಲಿ ಒಮ್ಮೆಯೂ ಸುಳ್ಳಾಡಿದವಳಲ್ಲ. ಕೈ ತೊಳೆದು ಬಂದು, ಕೌದಿ ಕೊಡವಿ, ಹೊಸ್ತಿಲ ಎದುರಿಗೇ ಹಾಸಿದಳು.

"ಇವತ್ತೇ," ಅಂದಳು. "ಹೋದ ವಾರ ಆದದ್ದು ನಿಮ್ಮ ಗಿರಣೀದು. ಇದು ನಮ್ಮ ಮನೀದು. ಸರಿ ಅತ್ಲಾಗ, ಬೆನ್ನು ನೆಲಕ್ಕ ಹಚ್ಚಬೇಕು ನಾನು."